ಕೃತಜ್ಞತೆ ಇರಲಿ, ಹಂಗು ಬೇಡ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಹಬ್ಬ. ಹೆಸರೇ ಹೇಳುವಂತೆ ಅದು ಕೃತಜ್ಞತೆ ಸಲ್ಲಿಸುವ ದಿನ. ಮೊದಲೆಲ್ಲ ಈ ಹೆಸರನ್ನು ನಮ್ಮ ಕಡೆ ಕೇಳಿದವರೇ ಕಡಿಮೆ. ಈಗ ಬೀದಿಗೊಂದು ಮನೆಯ ಮಗನೋ ಮಗಳೋ ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಇರುವುದರಿಂದ ಆ ಹಬ್ಬದ ಫೋಟೋಗಳು ನಮ್ಮ ಮೊಬೈಲಿಗೂ ಬರುತ್ತವೆ. ಉದ್ದನೆಯ ಮೇಜು, ಸುತ್ತ ನಾಲ್ಕೈದು ಕನ್ನಡ ಕುಟುಂಬಗಳು, ಒಂದು ತುದಿಯಲ್ಲಿ ಸಿಹಿಗುಂಬಳದ ಪೈ, ಇನ್ನೊಂದು ತುದಿಯಲ್ಲಿ ಬಿಸಿಬೇಳೆ ಬಾತ್, ನಡುವೆ ಸ್ವೆಟರ್ ತೊಟ್ಟು ಕುಳಿತ ಅಜ್ಜಿ-ತಾತ.

ಆರೋಗ್ಯದ ಅಂಕಣದಲ್ಲಿ ಹಬ್ಬದ ಮಾತೇಕೆ ಎಂದು ಓದುಗರು ಕೇಳಬಹುದು. ಕೃತಜ್ಞತೆಯನ್ನು ಮಾತ್ರೆಯಂತೆ ಬರೆದುಕೊಡುವ ಕಾಲ ಈಗ ಬಂದಿದೆ. ನಿದ್ರೆ ಬರುವುದಿಲ್ಲವೇ, ರಕ್ತದೊತ್ತಡವೇ, ಮನಸ್ಸಿಗೆ ಬೇಸರವೇ, ‘ದಿನಾ ಮಲಗುವ ಮುನ್ನ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಿರಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಲಹೆ ಕೆಟ್ಟದ್ದಲ್ಲ. ಆದರೆ ಮಕ್ಕಳ ಮನೆಗೆಂದು ವಿದೇಶಕ್ಕೆ ಹೊರಡುವ ಹಿರಿಯರನ್ನು ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಪರೀಕ್ಷಿಸುವ ಸಾಮಾನ್ಯ ವೈದ್ಯನಾಗಿ ನಾನು ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಕೃತಜ್ಞತೆಯ ಹೆಸರಿನಲ್ಲಿ ರೋಗವನ್ನು ಮುಚ್ಚಿಡುವವರು ನಮ್ಮಲ್ಲಿ ಬಹಳ. ಅದರ ಬಗ್ಗೆ ಮಾತನಾಡುವವರು ಕಡಿಮೆ.

ಮೊದಲು ಹಬ್ಬದ ಕಥೆಯನ್ನು ಸ್ವಲ್ಪ ನೋಡೋಣ. 1620ರ ಕೊನೆಯಲ್ಲಿ ‘ಮೇಫ್ಲವರ್’ ಎಂಬ ಹಡಗು 102 ಪ್ರಯಾಣಿಕರನ್ನು ಹೊತ್ತು ಇಂಗ್ಲೆಂಡಿನಿಂದ ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಗೆ ಬಂತು. ಪ್ಲಿಮತ್ ಎಂಬಲ್ಲಿ ನೆಲೆ ನಿಂತ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಚಳಿ, ಅರೆಹೊಟ್ಟೆ ಹಾಗೂ ಕಾಯಿಲೆಗಳಿಂದ ತೀರಿಕೊಂಡರು. ಉಳಿದವರಿಗೆ ಆ ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆಯುವ ಬಗೆಯನ್ನು ತೋರಿಸಿಕೊಟ್ಟವರು ಅಲ್ಲಿನ ಮೂಲನಿವಾಸಿಗಳು. 1621ರಲ್ಲಿ ಬೆಳೆ ಕೈಗೆ ಬಂದಾಗ ಮೂರು ದಿನ ಊಟ ನಡೆಯಿತು. ವಾಂಪನೋಗ್ ಜನರ ಮುಖಂಡ ಮ್ಯಾಸಸಾಯ್ಟ್ ಸುಮಾರು 90 ಮಂದಿಯೊಡನೆ ಬಂದು ಕುಳಿತ. ಆ ವಾಂಪನೋಗ್ ಜನರೂ ಸುಖದಲ್ಲಿರಲಿಲ್ಲ. 1616ರಿಂದ 1619ರ ನಡುವೆ ಹೊರಗಿನಿಂದ ಬಂದ ಸಾಂಕ್ರಾಮಿಕ ರೋಗವೊಂದು ಅವರ ಹಳ್ಳಿಗೆ ಹಳ್ಳಿಗಳನ್ನೇ ಬರಿದು ಮಾಡಿತ್ತು. ಎಂದರೆ ಆ ಊಟಕ್ಕೆ ಕುಳಿತ ಎರಡೂ ಕಡೆಯವರ ಮನೆಗಳಲ್ಲಿ ಸಾವು ಆಗಿತ್ತು.

ಮುಂದೆ ಆ ಜನರ ಭೂಮಿಯೇ ಅವರ ಕೈ ತಪ್ಪಿತು. 1970ರಿಂದ ಇದೇ ಗುರುವಾರ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಸೇರಿ ಶೋಕದ ದಿನ ಆಚರಿಸುತ್ತಾರೆ. ಇಡೀ ದೇಶಕ್ಕೆ ಒಂದೇ ದಿನ ಎಂದು ಹಬ್ಬವನ್ನು ಸಾರಿದವನು ಅಬ್ರಹಾಂ ಲಿಂಕನ್. ಅದೂ 1863ರಲ್ಲಿ, ಅಂತರ್ಯುದ್ಧದಲ್ಲಿ ಹೆಣಗಳು ಉರುಳುತ್ತಿದ್ದಾಗ. ಅದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದವಳು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. ನಮ್ಮ ಕಾನ್ವೆಂಟ್ ಮಕ್ಕಳು ಹಾಡುವ ಮೇರಿ ಮತ್ತು ಕುರಿಮರಿಯ ಪದ್ಯ ಬರೆದವಳೂ ಆಕೆಯೇ. ನಾಲ್ಕನೆಯ ಗುರುವಾರವೆಂದು ಕಾನೂನಾದದ್ದು 1941ರಲ್ಲಿ. ಪಕ್ಕದ ಕೆನಡಾದಲ್ಲಿ ಇದೇ ಹಬ್ಬ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಬರುತ್ತದೆ.

ನಾನು ಇದನ್ನೆಲ್ಲ ಹೇಳಿದ್ದು ಇತಿಹಾಸದ ಪಾಠಕ್ಕಲ್ಲ. ದುಃಖವನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ನಗುಮುಖದಿಂದ ಮಾತ್ರ ಆಚರಿಸುವ ಹಬ್ಬವಾಗಿ ಅದು ಹುಟ್ಟಿದ್ದಲ್ಲ ಎಂಬುದನ್ನು ನೆನಪಿಸಲು. ನಮ್ಮವರು ಅದನ್ನು ಅಳವಡಿಸಿಕೊಳ್ಳುವಾಗ ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಅಳವಡಿಸಿಕೊಳ್ಳುವುದೇನೋ ಕಷ್ಟವಿಲ್ಲ. ಬೆಳೆ ಬಂದಾಗ ಕೈಮುಗಿಯುವುದು ನಮಗೆ ಹೊಸದೇ? ಕೊಡಗಿನಲ್ಲಿ ಹುತ್ತರಿ ಬರುವುದು ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮಲೆನಾಡಿನ ಭೂಮಿ ಹುಣ್ಣಿಮೆ, ಕಲಬುರಗಿ ಬೀದರ್ ಕಡೆಯ ಎಳ್ಳಮಾವಾಸ್ಯೆಯ ಚರಗ, ಮಂಗಳೂರಿನ ಕ್ರೈಸ್ತರ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ, ಎಲ್ಲವೂ ಕೃತಜ್ಞತೆಯ ಹಬ್ಬಗಳೇ. ಆದರೆ ಇಲ್ಲೆಲ್ಲ ನಾವು ನಮಿಸುವುದು ನೆಲಕ್ಕೆ, ದೇವರಿಗೆ. ಎದುರಿಗೆ ಕುಳಿತ ಹೆಂಡತಿಗೆ, ಅಣ್ಣನಿಗೆ, ಸೊಸೆಗೆ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ‘ಧನ್ಯವಾದ’ ಎಂಬುದು ವೇದಿಕೆಯ ಮಾತು. ಅದಕ್ಕೂ ಸಮಾರಂಭದ ಕೊನೆಯಲ್ಲಿ ‘ವಂದನಾರ್ಪಣೆ’ ಎಂದು ಜಾಗ ಕೊಟ್ಟಿದ್ದೇವೆ. ಆ ಹೊತ್ತಿಗೆ ಸಭಿಕರೆಲ್ಲ ಕಾಫಿ ಕಡೆಗೆ ಎದ್ದಿರುತ್ತಾರೆ. ಮನೆಯೊಳಗೆ ಊಟ ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆ. ಅದೇ ನಮ್ಮ ಪ್ರಶಸ್ತಿಪತ್ರ. ತೀರ ಮನಸ್ಸು ತುಂಬಿದರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದಾರು.

ಹೀಗೆ ಬೆಳೆದವರು ಅಮೆರಿಕಕ್ಕೆ ಹೋದಾಗ ಅಲ್ಲಿ ಬಸ್ಸಿನಿಂದ ಇಳಿಯುವವರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದನ್ನು ನೋಡುತ್ತಾರೆ. ಮೊದಲು ಅದು ತೋರಿಕೆ ಎನಿಸುತ್ತದೆ. ಕ್ರಮೇಣ ನಮ್ಮವರೂ ಕಲಿಯುತ್ತಾರೆ. ಮಕ್ಕಳಂತೂ ಶಾಲೆಯಿಂದಲೇ ಕಲಿತು ಬರುತ್ತಾರೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಈ ಹಬ್ಬಕ್ಕೆ ಮಗುವಿನ ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಸುತ್ತಾರೆ. ಹೆಬ್ಬೆರಳು ಟರ್ಕಿ ಕೋಳಿಯ ತಲೆ, ಉಳಿದ ನಾಲ್ಕು ಬೆರಳು ಪುಕ್ಕ. ಒಂದೊಂದು ಪುಕ್ಕದ ಮೇಲೂ ತಾನು ಯಾರಿಗೆ, ಯಾವುದಕ್ಕೆ ಋಣಿ ಎಂದು ಮಗು ಬರೆಯಬೇಕು. ನನ್ನ ರೋಗಿಯೊಬ್ಬರು ಮೊಮ್ಮಗಳು ಮಾಡಿದ ಅಂಥ ಕಾಗದವನ್ನು ಔಷಧಿ ಚೀಟಿಗಳ ಜೊತೆ ಮಡಿಸಿಟ್ಟುಕೊಂಡಿದ್ದಾರೆ. ನಾಲ್ಕು ಪುಕ್ಕದಲ್ಲಿ ಒಂದು ‘ಅಜ್ಜಿ’, ಇನ್ನೊಂದು ‘ಅಜ್ಜಿಯ ದೋಸೆ’. ನಾನು ಬರೆದುಕೊಡುವ ಯಾವ ಟಾನಿಕ್ಕಿಗೂ ಆ ಶಕ್ತಿಯಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ವಿಜ್ಞಾನ ಏನು ಹೇಳುತ್ತದೆ? 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ತಮಗೆ ಒದಗಿದ ಒಳಿತುಗಳನ್ನು, ಐದರವರೆಗೆ, ಬರೆದರು. ಇನ್ನೊಂದು ಗುಂಪು ತಮ್ಮ ಕಿರಿಕಿರಿಗಳನ್ನು ಬರೆಯಿತು. ಒಳಿತು ಬರೆದವರಿಗೆ ಬದುಕಿನ ಬಗ್ಗೆ ಸಮಾಧಾನ ಹೆಚ್ಚು, ಮೈಕೈ ನೋವಿನಂಥ ದೂರುಗಳು ಕಡಿಮೆ ಎಂದು ಕಂಡುಬಂತು. ನರ-ಸ್ನಾಯು ರೋಗವಿದ್ದವರು 21 ದಿನ ಹೀಗೆ ಬರೆದಾಗ ಅವರ ನಿದ್ರೆಯೂ ಸುಧಾರಿಸಿತು. 2024ರಲ್ಲಿ ಅಮೆರಿಕದ ಸುಮಾರು 49 ಸಾವಿರ ಹಿರಿಯ ದಾದಿಯರ ಬಗ್ಗೆ ಬಂದ ವರದಿಯ ಪ್ರಕಾರ, ಕೃತಜ್ಞತಾ ಭಾವ ಹೆಚ್ಚಿದ್ದವರಲ್ಲಿ ಮೂರು ವರ್ಷಗಳ ಅವಧಿಯ ಸಾವಿನ ಸಂಭವ ಕಡಿಮೆಯಿದ್ದವರಿಗಿಂತ ಶೇ. 9ರಷ್ಟು ಕಡಿಮೆ. ಆರೋಗ್ಯವಾಗಿ ಇರುವವರಿಗೆ ಕೃತಜ್ಞರಾಗಿರುವುದು ಸುಲಭ ಎಂಬುದನ್ನೂ ಇಲ್ಲಿ ಮರೆಯಬಾರದು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು.

ನಾಣ್ಯದ ಇನ್ನೊಂದು ಬದಿ ಹೀಗಿದೆ. ಖಿನ್ನತೆ ಮತ್ತು ಆತಂಕದ ಮೇಲೆ ಕೃತಜ್ಞತೆಯ ಅಭ್ಯಾಸ ಎಷ್ಟು ಕೆಲಸ ಮಾಡುತ್ತದೆ ಎಂದು ಓಹಾಯೊ ರಾಜ್ಯದ ಸಂಶೋಧಕರಿಬ್ಬರು 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 2021ರಲ್ಲಿ ಪ್ರಕಟವಾದ ಅವರ ತೀರ್ಮಾನ: ಪರಿಣಾಮ ಇದೆ, ಆದರೆ ಅತ್ಯಲ್ಪ. ಖಿನ್ನತೆ ಇದ್ದವರು ಇದನ್ನೇ ಚಿಕಿತ್ಸೆಯೆಂದು ನಂಬಿ ಕೂರಬಾರದು. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಕೃತಜ್ಞತೆ ಊಟದ ಜೊತೆಯ ಉಪ್ಪಿನಕಾಯಿ ಇದ್ದಂತೆ. ರುಚಿ ಕೊಡುತ್ತದೆ, ಹೊಟ್ಟೆ ತುಂಬಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ‘ಹಂಗು’ ಎಂಬ ಒಂದು ಪದವಿದೆ. ಕೃತಜ್ಞತೆಗೂ ಹಂಗಿಗೂ ಇರುವ ಅಂತರವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಉಪಕಾರ ಪಡೆದವನ ಮನಸ್ಸು ಅರಳಿದರೆ ಅದು ಕೃತಜ್ಞತೆ, ಕುಗ್ಗಿದರೆ ಅದು ಹಂಗು. ಮನಶ್ಶಾಸ್ತ್ರಜ್ಞರೂ ಇವೆರಡನ್ನು ಬೇರೆಬೇರೆಯಾಗಿಯೇ ಅಳೆಯುತ್ತಾರೆ. ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಕೊಟ್ಟವನು ಪ್ರತಿಯಾಗಿ ಏನನ್ನೋ ನಿರೀಕ್ಷಿಸುತ್ತಾನೆ ಎನಿಸಿದಷ್ಟೂ ಪಡೆದವನಲ್ಲಿ ಕೃತಜ್ಞತೆ ಇಳಿದು ಋಣಭಾರ ಏರುತ್ತದೆ. ವಿದೇಶದಲ್ಲಿರುವ ನಮ್ಮವರಲ್ಲಿ ನಾನು ಹೆಚ್ಚಾಗಿ ಕಾಣುವುದು ಈ ಭಾರವನ್ನೇ. ಹೊರಗೆ ಮಾತ್ರ ಅದು ಕೃತಜ್ಞತೆಯ ಉಡುಪು ತೊಟ್ಟಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಅರವತ್ತಾರು ವರ್ಷದ ತಾಯಿಯೊಬ್ಬರು, ಹದಿನೈದು ವರ್ಷದ ಸಕ್ಕರೆ ಕಾಯಿಲೆಯವರು, ಮಗನ ಮನೆಯಲ್ಲಿ ಐದೂವರೆ ತಿಂಗಳಿದ್ದು ವಾಪಸಾದರು. ಬಂದ ಮೂರನೆಯ ದಿನ ನನ್ನ ಬಳಿ ಬಂದಾಗ ಹೇಳಿದ್ದು ‘ಸ್ವಲ್ಪ ಸುಸ್ತು’ ಎಂದಷ್ಟೆ. ಕೆದಕಿ ಕೇಳಿದಾಗ ವಿಷಯ ಹೊರಬಂತು. ಮಗನ ಮನೆಯ ಮಲಗುವ ಕೋಣೆಗಳಿದ್ದದ್ದು ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ ದವಡೆಯವರೆಗೆ ನೋವು ಬರುತ್ತಿತ್ತು. ನಿಂತರೆ ಹೋಗುತ್ತಿತ್ತು. ಎರಡು ತಿಂಗಳಿನಿಂದ ಹೀಗೆ. ಯಾರಿಗೂ ಹೇಳಿರಲಿಲ್ಲ. ಮೊಮ್ಮಗುವನ್ನು ಎತ್ತಿಕೊಂಡು ಹತ್ತುವುದನ್ನು ಮಾತ್ರ ನಿಲ್ಲಿಸಿದ್ದರು. ಸಾಲದ್ದಕ್ಕೆ ತಂದ ಮಾತ್ರೆಗಳು ಮುಗಿಯಬಾರದೆಂದು ದಿನ ಬಿಟ್ಟು ದಿನ ನುಂಗುತ್ತಿದ್ದರು.

‘ಯಾಕಮ್ಮ ಹೇಳಲಿಲ್ಲ?’ ಎಂದು ಕೇಳಿದೆ. ‘ಅಯ್ಯೋ ಡಾಕ್ಟ್ರೇ, ಮಗ-ಸೊಸೆ ಅಷ್ಟು ಚೆನ್ನಾಗಿ ನೋಡ್ಕೊಂಡ್ರು. ಟಿಕೆಟ್ಟಿಗೇ ಎಷ್ಟು ಖರ್ಚು ಮಾಡಿದ್ದಾರೆ. ಅಲ್ಲಿ ಆಸ್ಪತ್ರೆಗೆ ಹೋದ್ರೆ ಲಕ್ಷಗಟ್ಟಲೆ ಆಗುತ್ತಂತೆ. ಹಬ್ಬದ ದಿನ ಎಲ್ಲರೂ ಒಬ್ಬೊಬ್ಬರಾಗಿ ಏನೇನು ಸಂತೋಷ ಅಂತ ಹೇಳ್ತಿದ್ರು. ನಾನು ಎದೆನೋವು ಅಂತ ಹೇಳೋಕಾಗುತ್ತಾ?’ ಎಂದರು. ಇಸಿಜಿಯಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಅಂದೇ ಹೃದ್ರೋಗ ತಜ್ಞರಲ್ಲಿಗೆ ಕಳಿಸಿದೆ. ಆಂಜಿಯೋಗ್ರಾಂ ಆಗಿ ಎರಡು ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದಾರೆ. ಹದಿನೆಂಟು ಗಂಟೆಯ ವಿಮಾನ ಪ್ರಯಾಣವನ್ನು ಆ ಸ್ಥಿತಿಯಲ್ಲಿ ಮುಗಿಸಿ ಬಂದದ್ದು ಅವರ ಅದೃಷ್ಟ. ಮಗನಿಗೆ ಫೋನ್ ಮಾಡಿದಾಗ ಆತ ಅತ್ತುಬಿಟ್ಟ. ‘ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ’ ಎಂದ. ನಿಜ. ಆದರೆ ಹೇಳುವ ಜಾಗ ಆ ಮನೆಯಲ್ಲಿ ಎಲ್ಲಿತ್ತು? ಮೇಜಿನ ಸುತ್ತ ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಒಪ್ಪುವ ಉತ್ತರವೂ ಒಂದೇ ಬಗೆಯದು.

ಈ ತಾಯಿ ಒಬ್ಬರೇ ಅಲ್ಲ. ಮೂತ್ರದ ಸೋಂಕು, ಕಾಲಿನ ಹುಣ್ಣು, ಕಣ್ಣು ಮಂಜಾದದ್ದು, ಬಿದ್ದು ಮಣಿಕಟ್ಟು ಊದಿದ್ದು, ಎಲ್ಲವನ್ನೂ ‘ಊರಿಗೆ ಹೋಗಿ ತೋರಿಸಿಕೊಂಡರಾಯಿತು’ ಎಂದು ಮುಂದೂಡಿ ಬಂದವರನ್ನು ಪ್ರತಿವರ್ಷ ನೋಡುತ್ತೇನೆ. ಅಮೆರಿಕದಲ್ಲಿ ಚಿಕಿತ್ಸೆ ದುಬಾರಿ ಎಂಬುದು ಸುಳ್ಳಲ್ಲ. ಪ್ರವಾಸಿ ವೀಸಾದಲ್ಲಿ ಹೋದ ಹಿರಿಯರಿಗೆ ಅಲ್ಲಿನ ಸರ್ಕಾರದ ವೃದ್ಧರ ವಿಮೆ ದೊರೆಯುವುದಿಲ್ಲ. ಪ್ರವಾಸಿಗರ ವಿಮೆಗಳಲ್ಲಿ ಹಳೆಯ ಕಾಯಿಲೆಗಳಿಗೆ ಹಣ ಸಿಗುವುದು ಕಷ್ಟ ಅಥವಾ ಮಿತಿ ಇರುತ್ತದೆ. ಆದರೆ ಒಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು. 1986ರಿಂದ ಅಲ್ಲಿ ಒಂದು ಕಾನೂನಿದೆ. ಅದರಂತೆ ತುರ್ತು ಚಿಕಿತ್ಸಾ ವಿಭಾಗವಿರುವ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳೂ ಬಂದವರ ಬಳಿ ಹಣವಿದೆಯೋ ವಿಮೆಯಿದೆಯೋ ಎಂದು ನೋಡದೆ ಪರೀಕ್ಷಿಸಿ, ಅಪಾಯದಿಂದ ಪಾರುಮಾಡಬೇಕು. ಬಿಲ್ಲು ಆಮೇಲೆ ಬರುತ್ತದೆ, ಆಸ್ಪತ್ರೆಯವರೊಂದಿಗೆ ಮಾತನಾಡಿ ಅದನ್ನು ತಗ್ಗಿಸಿಕೊಂಡವರೂ ಕಂತು ಮಾಡಿಸಿಕೊಂಡವರೂ ಇದ್ದಾರೆ. ಎದೆನೋವು, ಏದುಸಿರು, ಇದ್ದಕ್ಕಿದ್ದಂತೆ ಮಾತು ತೊದಲುವುದು, ಒಂದು ಪಕ್ಕ ಬಲ ತಪ್ಪುವುದು, ಇಂಥವಕ್ಕೆ ಲೆಕ್ಕ ಹಾಕುತ್ತ ಕೂರದೆ 911ಕ್ಕೆ ಫೋನ್ ಮಾಡಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ಹೊಟ್ಟೆ ತೊಳಸುವಿಕೆಯಾಗಿ ಬರಬಹುದು.

ಹಿರಿಯರದು ಒಂದು ಬಗೆಯಾದರೆ ಕಿರಿಯರ ಹಂಗು ಇನ್ನೊಂದು ಬಗೆ. ‘ಅಮೆರಿಕಕ್ಕೆ ಹೋಗಬೇಕೆಂದು ಎಷ್ಟು ಜನ ಬಾಯಿ ಬಿಡುತ್ತಿದ್ದಾರೆ, ನಿನಗೇನು ಕಡಿಮೆ?’ ಎಂಬ ಮಾತನ್ನು ಅವರು ಊರಿನಿಂದಲೂ ಕೇಳುತ್ತಾರೆ, ತಮಗೆ ತಾವೂ ಹೇಳಿಕೊಳ್ಳುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಗಾದೆ ಹೇಳಿಕೊಟ್ಟು ಬೆಳೆಸಿದ್ದೇವೆ. ಹಾಗಾಗಿ ಕೆಲಸ ಹೋದರೆ ವೀಸಾವೂ ಹೋಗುತ್ತದೆಂಬ ಭಯವನ್ನು, ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದನ್ನು ಯಾರ ಬಳಿ ಹೇಳಿಕೊಳ್ಳಬೇಕು? ಗಂಡನ ವೀಸಾದ ಆಶ್ರಯದಲ್ಲಿ ಹೋದ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮ. ಎಚ್-4 ವೀಸಾದಲ್ಲಿರುವವರಿಗೆ ದುಡಿಯುವ ಅನುಮತಿ ಇರಲಿಲ್ಲ. 2015ರಿಂದ ಕೆಲವು ಷರತ್ತುಗಳ ಮೇಲೆ ಒಂದಷ್ಟು ಮಂದಿಗೆ ಸಿಕ್ಕಿದೆ, ಎಲ್ಲರಿಗಲ್ಲ. ಇಂಜಿನಿಯರಿಂಗ್ ಓದಿದ ಹುಡುಗಿ ನಾಲ್ಕು ಗೋಡೆಯ ನಡುವೆ ಕುಳಿತು ‘ನಾನು ಕೃತಜ್ಞಳಾಗಿರಬೇಕು’ ಎಂದು ಪುಸ್ತಕದಲ್ಲಿ ಬರೆಯುತ್ತ ಹೋದರೆ ಅದು ಚಿಕಿತ್ಸೆಯಲ್ಲ, ಬಾಯಿಗೆ ಬಟ್ಟೆ ತುರುಕಿಕೊಂಡಂತೆ.

ಇದರ ಮೇಲೆ ಹವಾಮಾನ ಬೇರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಬ್ಬದ ಹೊತ್ತಿಗೆ ಬಾಸ್ಟನ್‌ನಂಥ ಊರಿನಲ್ಲಿ ಸಂಜೆ ನಾಲ್ಕೂಕಾಲಕ್ಕೆ ಸೂರ್ಯ ಮುಳುಗಿರುತ್ತಾನೆ. ವರ್ಷವಿಡೀ ಆರು ಆರೂವರೆಗೆ ಸಂಜೆಯಾಗುವುದನ್ನು ಕಂಡ ನಮ್ಮ ಮೈಗೆ ಇದು ಸಣ್ಣ ಬದಲಾವಣೆಯಲ್ಲ. ಚಳಿಗಾಲದ ಈ ಮಂಕನ್ನು ಒಂದು ಕಾಯಿಲೆಯೆಂದು 1984ರಲ್ಲಿ ವಿವರಿಸಿದ ನಾರ್ಮನ್ ರೋಸೆಂಥಾಲ್ ಸ್ವತಃ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ವಲಸೆ ಬಂದವರು. ಬಿಸಿಲಿನ ನಾಡಿನಿಂದ ಬಂದ ತಮಗೇ ಚಳಿಗಾಲದಲ್ಲಿ ಉತ್ಸಾಹ ಕುಗ್ಗುವುದನ್ನು ಅವರು ಗಮನಿಸಿದ್ದರು. ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ಬೆಳಕಿನಲ್ಲಿ ನಡೆಯುವುದು, ಅಗತ್ಯವಿದ್ದರೆ ವೈದ್ಯರನ್ನು ಕೇಳಿ ಪ್ರಖರ ಬೆಳಕಿನ ದೀಪದ ಮುಂದೆ ಕುಳಿತುಕೊಳ್ಳುವುದು ಇದಕ್ಕೆ ಉಪಯುಕ್ತ. ಬೇಸರ, ನಿದ್ರಾಭಂಗ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮೀರಿದರೆ ಕೃತಜ್ಞತೆಯ ಪುಸ್ತಕ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಅಮೆರಿಕದಲ್ಲಿ 988, ನಮ್ಮಲ್ಲಿ ಟೆಲಿ-ಮಾನಸ್‌ನ 14416, ಎರಡೂ ಹಗಲು ರಾತ್ರಿ ಉತ್ತರಿಸುವ ಸಂಖ್ಯೆಗಳು. 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಹಾಗಾದರೆ ಹಬ್ಬವೇ ಬೇಡವೇ? ಖಂಡಿತ ಬೇಕು ಎಂಬುದು ನನ್ನ ಅಭಿಪ್ರಾಯ. ನಾಲ್ಕು ದಿನ ರಜೆ ಸಿಗುತ್ತದೆ, ದೂರದ ಕಾಲೇಜಿನ ಮಕ್ಕಳು ಮನೆಗೆ ಬರುತ್ತಾರೆ, ಒಂಟಿಯಾಗಿರುವ ಸಹೋದ್ಯೋಗಿಯನ್ನು ಊಟಕ್ಕೆ ಕರೆಯುವ ಪದ್ಧತಿಯಿದೆ. ಜಾತಿ ಕೇಳದ, ಮಡಿ ಇಲ್ಲದ, ಪುರೋಹಿತರನ್ನು ಕಾಯಬೇಕಿಲ್ಲದ ಹಬ್ಬ. ಆದರೆ ಮೇಜಿನ ಸುತ್ತ ಕುಳಿತಾಗ ಕೇಳುವ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕೆಂದು ನನ್ನ ಸಲಹೆ.

‘ಒಳ್ಳೆಯ ಕೆಲಸ, ಒಳ್ಳೆಯ ಮನೆ, ಒಳ್ಳೆಯ ಆರೋಗ್ಯಕ್ಕಾಗಿ ಕೃತಜ್ಞ’ ಎಂದು ಗಾಳಿಯಲ್ಲಿ ಹೇಳುವುದಕ್ಕಿಂತ, ಒಬ್ಬ ವ್ಯಕ್ತಿಯ ಕಡೆ ತಿರುಗಿ, ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಹೇಳಬೇಕು. ಇದಕ್ಕೂ ಆಧಾರವುಂಟು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಅವರ ತಂಡ, ತಮಗೆ ಉಪಕಾರ ಮಾಡಿಯೂ ಥ್ಯಾಂಕ್ಸ್ ಹೇಳಿಸಿಕೊಳ್ಳದವರಿಗೆ ಒಂದು ಪತ್ರ ಬರೆದು ಅವರಿಗೇ ತಲುಪಿಸಿ ಎಂದು ಜನರಿಗೆ ಸೂಚಿಸಿತು. ಹಾಗೆ ಮಾಡಿದವರ ಸಂತೋಷ ಒಂದು ತಿಂಗಳವರೆಗೂ ಹೆಚ್ಚಾಗಿಯೇ ಉಳಿಯಿತು. ಅನಂತರ ಕರಗಿತು ಎಂಬುದೂ ಅದೇ ವರದಿಯಲ್ಲಿದೆ. ತಿಂಗಳಿಗೊಬ್ಬರಂತೆ ಬರೆದರೆ ಯಾರೂ ಬೇಡವೆನ್ನುವುದಿಲ್ಲ!

ಅಲ್ಲಿನ ಕನ್ನಡ ಮನೆಗಳಲ್ಲಿ ಹೀಗೆ ಹೆಸರಿಸಬೇಕಾದವರಲ್ಲಿ ಮೊದಲಿಗರು ಬಾಣಂತನಕ್ಕೆಂದು ಹೋದ ತಾಯಂದಿರು. ಪದ್ಧತಿ ಎಲ್ಲರಿಗೂ ಗೊತ್ತು. ಮೊದಲ ಆರು ತಿಂಗಳು ಹೆಣ್ಣಿನ ತಾಯಿ, ಆಮೇಲಿನ ಆರು ತಿಂಗಳು ಗಂಡಿನ ತಾಯಿ. ಮಂಡಿನೋವಿನ ಹೆಂಗಸು ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಣ್ಣೆ ನೀರು, ಬಾಣಂತಿಯ ಪಥ್ಯ, ಮಗುವಿನ ಬಟ್ಟೆ ಎಂದು ಓಡಾಡುತ್ತಾಳೆ. ಮಾತನಾಡಲು ಅಕ್ಕಪಕ್ಕದವರಿಲ್ಲ. ಕಾರು ಓಡಿಸಲು ಬಾರದಿದ್ದರೆ ಹಾಲು ತರಲೂ ಸ್ವಾತಂತ್ರ್ಯವಿಲ್ಲ. ಅಲ್ಲಿ ಋಣಿಯಾಗಬೇಕಾದವರು ಯಾರು? ವಿಚಿತ್ರವೆಂದರೆ ಹಂಗು ಅನುಭವಿಸುವವಳು ಅವಳೇ. ಅವಳಿಗೆ ಸಲ್ಲಬೇಕಾದ ಕೃತಜ್ಞತೆ ಹಾರೈಕೆಯ ಕಾರ್ಡಿನಲ್ಲಿಲ್ಲ. ವಾರಕ್ಕೊಂದು ದಿನ ಅವಳಿಗೆ ರಜೆ ಕೊಡುವುದರಲ್ಲಿದೆ. ಮೂರು ತಿಂಗಳಿಗೆ ತಂದ ಮಾತ್ರೆ ಆರು ತಿಂಗಳಿಗೆ ಸಾಲುತ್ತಿದೆಯೇ ಎಂದು ಡಬ್ಬಿ ತೆರೆದು ನೋಡುವುದರಲ್ಲಿದೆ. ಗ್ಲುಕೋಮೀಟರಿನಿಂದ ಅವಳ ಸಕ್ಕರೆಯನ್ನು ಮಗನೇ ಪರೀಕ್ಷಿಸುವುದರಲ್ಲಿದೆ.

ಸಂತೋಷದ ಸರದಿ ಮುಗಿದ ಮೇಲೆ ಇನ್ನೊಂದು ಸರದಿ ನಡೆಯಲಿ: ‘ಈ ಮನೆಯಲ್ಲಿ ಯಾರಿಗೆ ಏನು ಕಷ್ಟವಾಗುತ್ತಿದೆ?’ ಮೊದಲು ಮಗನೇ ಹೇಳಲಿ, ಸೊಸೆ ಹೇಳಲಿ. ಕಿರಿಯರು ಬಾಯಿಬಿಟ್ಟರೆ ಹಿರಿಯರ ಬಾಯೂ ಬರುತ್ತದೆ. ಎಲ್ಲರೆದುರು ಆಗದಿದ್ದರೆ ಪಾತ್ರೆ ತೊಳೆಯುವಾಗ ಅಡುಗೆಮನೆಯಲ್ಲಿ ಕೇಳಿ. ನಮ್ಮ ತಾಯಂದಿರು ನಿಜ ಹೇಳುವುದು ಹೆಚ್ಚಾಗಿ ಅಲ್ಲಿಯೇ.

ಊಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಅಂಕಣ ಅಪೂರ್ಣ. ಹಿಸುಕಿದ ಆಲೂಗಡ್ಡೆ, ಸಕ್ಕರೆ ಸುರಿದ ಸಿಹಿಗೆಣಸು, ಕ್ರ್ಯಾನ್‌ಬೆರಿ ಗೊಜ್ಜು, ಪೈ, ಜೊತೆಗೆ ನಮ್ಮ ಬಾತು, ಪಾಯಸ. ಒಂದೇ ತಟ್ಟೆಯಲ್ಲಿ ಎರಡು ದೇಶದ ಸಕ್ಕರೆ. ಮಧುಮೇಹಿಗಳು ಎರಡರಲ್ಲಿ ಒಂದು ದೇಶವನ್ನು ಆರಿಸಿಕೊಳ್ಳುವುದು ಕ್ಷೇಮ. ಸಿಹಿಗೆಣಸಿನ ಮೇಲೆ ಹಾಕುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆಂದು ಸಸ್ಯಾಹಾರಿಗಳು ತಿಳಿದಿರಲಿ. ಊಟದ ನಂತರ ತೂಕಡಿಕೆ ಬರುವುದಕ್ಕೆ ಟರ್ಕಿ ಕೋಳಿಯಲ್ಲಿರುವ ವಿಶೇಷ ಅಂಶವೇ ಕಾರಣವೆಂದು ಅಲ್ಲಿನವರು ನಂಬುತ್ತಾರೆ. ಆ ಅಂಶ ಮಾಮೂಲಿ ಕೋಳಿಯಲ್ಲೂ ಅಷ್ಟೇ ಇದೆ. ತೂಕಡಿಕೆಗೆ ಕಾರಣ ತಿಂದ ಪ್ರಮಾಣ, ಕೆಲವರಲ್ಲಿ ಕುಡಿದ ಪ್ರಮಾಣ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನವೆಂಬರ್ ಮಧ್ಯದಿಂದ ಜನವರಿವರೆಗೆ ಅಲ್ಲಿನ ವಯಸ್ಕರ ತೂಕ ಸರಾಸರಿ 370 ಗ್ರಾಂ ಏರುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಅದು ಮತ್ತೆ ಇಳಿಯುವುದಿಲ್ಲ ಎಂಬುದೇ ತೊಂದರೆ.

ಕೊನೆಯದಾಗಿ, ಆ ಮೇಜಿನ ಸುತ್ತ ಇಲ್ಲದವರ ವಿಷಯ. ಮಕ್ಕಳೆಲ್ಲ ವಿದೇಶದಲ್ಲಿದ್ದು ಇಲ್ಲಿ ಇಬ್ಬರೇ ಉಳಿದ, ಒಮ್ಮೊಮ್ಮೆ ಒಬ್ಬರೇ ಉಳಿದ ತಂದೆ-ತಾಯಂದಿರ ಮನೆಗಳಿಗೆ ನಾನು ಹೋಗುತ್ತಿರುತ್ತೇನೆ. ರಾತ್ರಿ ಹೊತ್ತು ಜ್ವರ ಬಂದಾಗ ನನಗೆ ಫೋನ್ ಮಾಡುವವರು ಎದುರುಮನೆಯವರು. ಇನ್ಸುಲಿನ್ ಮುಗಿದರೆ ಅಂಗಡಿ ಮುಚ್ಚುವ ಹೊತ್ತಿನಲ್ಲೂ ಸೈಕಲ್ಲಿನಲ್ಲಿ ತಂದುಕೊಡುವವನು ಮೆಡಿಕಲ್ ಸ್ಟೋರಿನ ಹುಡುಗ. ಸ್ಕ್ಯಾನಿಂಗಿಗೆ ಕರೆದೊಯ್ದು ಸಂಜೆಯವರೆಗೆ ಬೆಂಚಿನ ಮೇಲೆ ಕಾದು ಕೂರುವವನು ಆಟೋದವನು. ಅಮೆರಿಕದ ಮಗ ನಿಶ್ಚಿಂತೆಯಿಂದ ಮಲಗುವುದು ಇವರಿಂದ. ಇವರ ಫೋನ್ ನಂಬರ್ ಎಷ್ಟು ಮಕ್ಕಳ ಬಳಿ ಇದೆ? ಹಬ್ಬದ ದಿನ ಅಮ್ಮನಿಗೆ ಮಾಡಿದ ಮೇಲೆ ಇವರಿಗೂ ಒಂದು ಫೋನ್ ಮಾಡಿ ಎಂದು ನಿಮ್ಮ ಮಕ್ಕಳಿಗೆ ಹೇಳಿ. ‘ಥ್ಯಾಂಕ್ಸ್’ ಎಂಬ ಪದವೇ ಬೇಕಿಲ್ಲ. ‘ಅವತ್ತು ರಾತ್ರಿ ನೀವು ಎದ್ದು ಬಂದಿರಂತೆ, ಅಮ್ಮ ಹೇಳಿದರು’ ಎಂದರೆ ಸಾಕು.

ಹೊತ್ತು ಮಾತ್ರ ನೋಡಿಕೊಳ್ಳಲಿ. ಆ ತಿಂಗಳಲ್ಲಿ ನ್ಯೂಯಾರ್ಕ್ ಕಡೆಯ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಗುರುವಾರ ರಾತ್ರಿ ಒಂಬತ್ತೂವರೆಗೆ, ಪಾತ್ರೆಗಳೆಲ್ಲ ತೊಳೆದಾದ ಮೇಲೆ ಮಾಡಿದರೆ ಇಲ್ಲಿ ಶುಕ್ರವಾರ ಬೆಳಿಗ್ಗೆ ಎಂಟು, ಕಾಫಿಯಾಗಿ ಪೇಪರ್ ಹಿಡಿದು ಕುಳಿತ ಸಮಯ. ಊಟದ ನಡುವೆ ಎದ್ದು ಸಂಜೆ ಐದಕ್ಕೆ ಮಾಡಿದರೆ ಇಲ್ಲಿ ಬೆಳಗಿನ ಜಾವ ಮೂರೂವರೆ. ಆ ಹೊತ್ತಿನಲ್ಲಿ ವಿದೇಶದಿಂದ ಫೋನ್ ಬಂತೆಂದರೆ ಇಲ್ಲಿ ಎತ್ತುವ ಮುನ್ನವೇ ಎದೆ ಧಸಕ್ಕೆನ್ನುತ್ತದೆ.